ಸದರಿ ಮಂಡಿಯನ್ನು ಯಾರೂ ಮುಟ್ಟಿಲ್ಲ

ಇಂದ,
ಎದಿಲ್ಮಾ ಲುಕುಮಿ, ವಯಸ್ಸು 67,
ಕುಣಿತದ ಉಡುಪು ಹೊಲಿಯುವವಳು,
ಚಮಕಿ ಅಂಗಡಿಯ ಮೇಲಿನ ಮನೆ (ಮೆಟ್ಟಿಲು ಹತ್ತಬೇಕು, ಅದೇ ಕಷ್ಟ),
ಬಾರಿಯೋ ಒಬ್ರೇರೋ, ಕಾಲಿ ನಗರ, ಕೊಲಂಬಿಯಾ.

ಗೆ,
ದೊಕ್ತೋರ್ ಎರ್ನಾಂದೋ ಪಿನ್ಸೋನ್ ಅವರು,
(ವೈದ್ಯರಲ್ಲ, ಟೈ ಕಟ್ಟಿದವರನ್ನೆಲ್ಲ ನಾವು ದೊಕ್ತೋರ್ ಎಂದೇ ಕರೆಯುವ ಕಾರಣ)
ನಿರ್ದೇಶಕರು, ಪ್ರಚಾರ ಹಾಗೂ ವಿದೇಶಿ ರೋಗಿಗಳ ವಿಭಾಗ,
ಕ್ಲಿನಿಕಾ ಬ್ರಿಸಾ ದೆ ಲಾ ತಾರ್ದೆ, ಕಾಲಿ ನಗರ.

ವಿಷಯ: ತಮ್ಮ ಆಸ್ಪತ್ರೆಯವರು ನನಗೆ ಮಾಡದೇ ಇರುವ ಮಂಡಿ ಶಸ್ತ್ರಚಿಕಿತ್ಸೆಯನ್ನು ಮಾಡಿಲ್ಲವೆಂದು ಬಹಿರಂಗವಾಗಿ ತಿಳಿಸುವ ಬಗ್ಗೆ.

ಉಲ್ಲೇಖ:
1. ತಮ್ಮ ಪುಟದ ತುತ್ತತುದಿಯಲ್ಲಿ ಕೂರಿಸಿರುವ ವಿಡಿಯೋ: "ದೊನ್ಯಾ ಎದಿಲ್ಮಾ, 67! ಮಂಡಿ ಬದಲಾವಣೆಯ ನಂತರ ಆರನೇ ವಾರ!"
2. ಸದರಿ ವಿಡಿಯೋದ ಕೆಳಗೆ ನಾನು ಬರೆದ ಕಾಮೆಂಟು (ಅಳಿಸಲಾಗಿದೆ).
3. ಅಳಿಸಿದ್ದೇಕೆಂದು ಕೇಳಿ ಬರೆದ ಕಾಮೆಂಟು (ಅದನ್ನೂ ಅಳಿಸಲಾಗಿದೆ).
4. ತಮ್ಮ ಜಾಲತಾಣ ನೋಡಿಕೊಳ್ಳುವ ಶ್ರೀ ಯೇಸನ್ ಒಸ್ಪಿನಾ ಅವರೊಂದಿಗೆ ಬಟ್ಟೆ ಒಗೆಯುವ ಕೋಣೆಯಲ್ಲಿ ನಡೆದ ಮಾತುಕತೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಬಲಗಾಲಿನ ಮಂಡಿಯು (ಇನ್ನು ಮುಂದೆ 'ಸದರಿ ಮಂಡಿ') ನನ್ನ ತಾಯಿ ಹೆತ್ತಾಗ ಕೊಟ್ಟದ್ದು. ಅದನ್ನು ಇದುವರೆಗೆ ಯಾವ ವೈದ್ಯರೂ ಬಿಚ್ಚಿಲ್ಲ, ಬದಲಿಸಿಲ್ಲ. ಹೀಗಿದ್ದರೂ ಹೊರದೇಶದ ಜನ ಅದನ್ನು ತಮ್ಮ ಆಸ್ಪತ್ರೆ ಕೂರಿಸಿದ ಹೊಸ ಮಂಡಿ ಎಂದು ನಂಬಿ ವಿಮಾನ ಹತ್ತಿ ಬರುತ್ತಿದ್ದಾರೆ. ನನಗೋ, ಈಗ ನಿಜವಾಗಿ ಮಂಡಿ ಬದಲಿಸಬೇಕಾಗಿದೆ. ಆದರೆ ಒಮ್ಮೆ ಬದಲಿಸಿಯಾಗಿದೆ ಎಂಬ ಕಾರಣಕ್ಕೆ ಯಾರೂ ಬದಲಿಸುತ್ತಿಲ್ಲ. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

1. ತಾವು ಬೊಗೊಟಾದಿಂದ ಬಂದವರಾದ ಕಾರಣ ಒಂದು ಸಂಗತಿ ತಮಗೆ ಗೊತ್ತಿರಲಾರದು. ನಮ್ಮೂರಿನಲ್ಲಿ ವಯಸ್ಸಾದವರು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕೂತು ಕೆಮ್ಮುವುದಿಲ್ಲ. ವಿಯೆಹೋತೆಕಾಕ್ಕೆ ಹೋಗಿ ಕುಣಿಯುತ್ತಾರೆ. ಮುದುಕ ಮುದುಕಿಯರಿಗೆಂದೇ ಇರುವ ಆ ಸಭಾಂಗಣದಲ್ಲಿ ಕಾಲು ಸ್ವಲ್ಪ ನಿಧಾನವಾದರೆ ಪಕ್ಕದವಳು "ಏನೇ, ಮೈ ಹುಷಾರಿಲ್ವಾ?" ಎಂದು ಕೇಳುತ್ತಾಳೆ. ಇದರಲ್ಲಿ ಪವಾಡವೇನೂ ಇಲ್ಲ. ಹುಟ್ಟಿದಾಗಿನಿಂದ ಕುಣಿದ ಕಾಲು, ಕುಣಿಯುತ್ತದೆ.

ತಮ್ಮ ಆಸ್ಪತ್ರೆಯ ವಾರ್ಷಿಕೋತ್ಸವಕ್ಕೆ ನಮ್ಮ ವಿಯೆಹೋತೆಕಾದಿಂದ ನನ್ನನ್ನೂ, ನನ್ನ ಜೊತೆ ಕುಣಿಯುವ ದೊನ್ ಉಲ್ಪಿಯಾನೋ ಅವರನ್ನೂ ಕರೆಸಿದಿರಿ. (ದೊನ್ ಉಲ್ಪಿಯಾನೋ ನಿವೃತ್ತ ಬಸ್ ಚಾಲಕರು, ವಿಧುರರು, ಬಾಯಿ ಜೋರು.) ಕುಣಿದೆವು, ತಮ್ಮ ತಮಾಲೆ ತಿಂದೆವು, ಉಪ್ಪು ಕಡಿಮೆಯಿತ್ತು, ಹೇಳಲಿಲ್ಲ. ನಾವು ಕುಣಿಯುವಾಗ ಶ್ರೀ ಯೇಸನ್ ನೆಲದ ಮೇಲೆ ಬೋರಲು ಬಿದ್ದು ನನ್ನ ಕಾಲಿನ ವಿಡಿಯೋ ತೆಗೆಯುತ್ತಿದ್ದರು.

"ಏನಪ್ಪಾ, ನನಗೆ ಮುಖ ಇಲ್ವಾ?" ಎಂದೆ.

"ಮೊದ್ಲು ಕಾಲು, ಆಮೇಲೆ ಮುಖ ದೊನ್ಯಾ. ಸ್ವಲ್ಪ ಸಸ್ಪೆನ್ಸ್ ಬೇಡ್ವಾ?" ಎಂದರು. ಪುಟಕ್ಕೆ ಹಾಕಲೇ ಎಂದು ಕೇಳಿದರು, ಹಾಕಪ್ಪ ಎಂದೆ. ಕೆಳಗೆ ಏನು ಬರೆಯುತ್ತೀಯೆಂದು ಕೇಳಬೇಕೆಂಬುದು ನನಗೆ ಹೊಳೆಯಲಿಲ್ಲ. ಫೋಟೋ ತೆಗೆದವರು ಕೆಳಗೆ ಹೆಸರು ಬರೆಯುತ್ತಾರೆಯೇ ಹೊರತು ಶಸ್ತ್ರಚಿಕಿತ್ಸೆ ಮಾಡುತ್ತಾರೆಂದು ಯಾರಿಗೆ ಗೊತ್ತು?

2. ವಿಷಯ ನನಗೆ ತಿಳಿದದ್ದು ದೊನ್ ಉಲ್ಪಿಯಾನೋ ಅವರಿಂದ. ಫೋನು ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಎದಿಲ್ಮಾ, ನಿಂಗೆ ಆಪರೇಷನ್ ಆಯ್ತಂತೆ! ನಂಗೊಂದು ಮಾತು ಹೇಳ್ಲಿಲ್ವಲ್ಲೇ!"

"ನಂಗೂ ಯಾರೂ ಹೇಳ್ಲಿಲ್ಲ. ಯಾವಾಗಾಯ್ತಂತೆ?"

"ಆರು ವಾರ ಆಯ್ತಂತೆ. ಚೆನ್ನಾಗ್ ಆಗಿದೆ ಅಂತಾನೂ ಬರ್ದಿದಾರೆ."

"ಸದ್ಯ. ಕೆಟ್ಟದಾಗಿದ್ರೆ ಬೇಜಾರಾಗ್ತಿತ್ತು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗಬಾರದಿತ್ತು, ನಕ್ಕೆವು.

3. ಅನಂತರ ಜನ ಬರತೊಡಗಿದರು. ಪನಾಮಾದವರು, ಕ್ವಿಟೋದವರು, ಮಾಡ್ರಿಡ್ಡಿನಲ್ಲಿ ದುಡಿಯುವ ನಮ್ಮವರೇ. ತಮ್ಮ ಆಸ್ಪತ್ರೆಗೆ ಹೋಗುವ ಮೊದಲು ನನ್ನ ಮನೆಗೆ ಬಂದು ಕಾಲು ನೋಡಿಹೋಗುವುದು ಒಂದು ಪದ್ಧತಿಯಾಯಿತು. ಪಕ್ಕದ ಮನೆಯವಳು ಮೆಟ್ಟಿಲ ಬುಡದಲ್ಲಿ ಲುಲಾದಾ ಶರಬತ್ತಿನ ಗಾಡಿ ಇಟ್ಟಳು. ಒಬ್ಬರು ಸದರಿ ಮಂಡಿಯನ್ನು ಮುಟ್ಟಿ ಎದೆಗೆ ಕೈ ಒತ್ತಿಕೊಂಡರು. ನಾನೇನು ಚರ್ಚಿನ ಗೂಡಿನಲ್ಲಿ ನಿಂತ ಸಂತಳೇ?

ಇವರು ಆಸ್ಪತ್ರೆಯನ್ನು ಹೇಗೆ ಆರಿಸುತ್ತಾರೆಂದು ಕೇಳಿ ನನಗೆ ಮೈ ಉರಿಯಿತು. ಮಂಡಿ ಬದಲಿಸಿಕೊಳ್ಳಲು ಕ್ಯುರಸಾವೋ ದ್ವೀಪದಿಂದ ತಂಗಿಯನ್ನು ಜೊತೆಗೆ ಕರೆದುಕೊಂಡು ಬಂದಿದ್ದ ಶ್ರೀಮತಿ ಸ್ವಿಂದಾ ಮಾರ್ತಿನಾ ಅವರನ್ನೇ ಉದಾಹರಣೆಗೆ ಕೊಡುತ್ತೇನೆ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವವರು.

"ಡಾಕ್ಟ್ರು ಎಲ್ಲಿ ಓದಿದಾರೆ, ಎಷ್ಟು ಜನಕ್ಕೆ ಮಾಡಿದಾರೆ ಅಂತ ವಿಚಾರಿಸಿದ್ರಾ?" ಎಂದು ಕೇಳಿದೆ.

"ಅದೆಲ್ಲ ಆಸ್ಪತ್ರೆಯವ್ರೇ ಹೇಳ್ಕೊಳ್ಳೋದಲ್ವಾ ದೊನ್ಯಾ, ಹೇಗೆ ನಂಬೋದು? ನಾನು ಕಾಮೆಂಟ್ ಓದ್ತೀನಿ. ಯಾವ ಹೊತ್ತಲ್ಲಿ ಬರೆದ್ರೂ ಉತ್ತರ ಕೊಡ್ತಾರೆ, ಹಾರ್ಟ್ ಹಾಕ್ತಾರೆ. ನರ್ಸುಗಳು ಎಷ್ಟು ಖುಷಿಯಾಗಿ ಕುಣೀತಾರೆ! ಖುಷಿಯಾಗಿರೋ ಕೈ ತಪ್ಪು ಮಾಡಲ್ಲ."

"ಆಮೇಲೆ ಆ ನೀಲಿ ಟೋಪಿ ಡಾಕ್ಟ್ರು! ಅವ್ರ ನಗು ನೋಡಿದ್ರೇ ಅರ್ಧ ನೋವು ಹೋಗತ್ತೆ" ಎಂದರು ತಂಗಿ.

ನೀಲಿ ಟೋಪಿ ಹಾಕಿ ಕುಣಿಯುವ ಆ 'ವೈದ್ಯರು' ತಮ್ಮ ಬಿಲ್ಲು ವಿಭಾಗದವರು ಎಂಬುದು ಬಾರಿಯೋ ಒಬ್ರೇರೋದ ಮಕ್ಕಳಿಗೂ ಗೊತ್ತು. ನಿಜವಾಗಿ ಮಂಡಿ ಬದಲಿಸುವ ಡಾಕ್ಟರ್ ಗಾಂಬೋವಾ ಅವರನ್ನು ಪುಟದಲ್ಲಿ ಎಲ್ಲಿಯೂ ಕಾಣೆ. ಅವರು ನಗುವುದಿಲ್ಲವಂತೆ. ಮೂಳೆ ಕೊಯ್ಯುವವರು ನಗಬೇಕೆಂದು ಯಾವ ಕಾನೂನಿದೆ ಸ್ವಾಮಿ?

ಸ್ವಿಂದಾ ವಿಡಿಯೋವನ್ನು ನಿಲ್ಲಿಸಿ, ಹಿಗ್ಗಿಸಿ, ನನ್ನ ಮಂಡಿಯ ಪಕ್ಕ ಹಿಡಿದು ನೋಡಿದರು. "ಗಾಯದ ಗುರುತೇ ಇಲ್ಲ!" ಎಂದು ತಂಗಿಯ ಕೈ ಹಿಸುಕಿದರು. "ನೋಡೇ, ಗುರುತೇ ಇಲ್ಲ. ಎಂಥಾ ಕೈಗುಣ!"

"ಕೊಯ್ದಿದ್ರೆ ತಾನೇ ಗುರುತು ಇರೋದು?" ಎಂದು ಬಾಯಿಬಿಟ್ಟೇ ಹೇಳಿದೆ.

"ತಮಾಷೆ ಬೇರೆ ಮಾಡ್ತಾರೆ! ನಿಮ್ಮ ವಯಸ್ಸಿಗೆ ಈ ಉತ್ಸಾಹ!" ಎಂದು ಇಬ್ಬರೂ ನಕ್ಕು, ನನ್ನ ಜೊತೆ ಫೋಟೋ ತೆಗೆಸಿಕೊಂಡು, ಸೀದಾ ತಮ್ಮ ಆಸ್ಪತ್ರೆಗೆ ಹೋಗಿ ದಿನಾಂಕ ಗೊತ್ತುಮಾಡಿಕೊಂಡರು.

4. ಬಾಯಿಮಾತು ನಡೆಯದ ಕಾರಣ ಬರಹಕ್ಕೆ ಇಳಿದೆ. ವಿಡಿಯೋದ ಕೆಳಗೆ, "ಈ ಕಾಲು ನನ್ನದು. ಇದಕ್ಕೆ ಯಾವ ಆಪರೇಷನ್ನೂ ಆಗಿಲ್ಲ" ಎಂದು ಬರೆದೆ. ತಕ್ಷಣ ತಮ್ಮ ಪುಟದಿಂದ ಉತ್ತರ ಬಂತು: "ನಿಮ್ಮ ಅನುಭವ ಹಂಚಿಕೊಂಡಿದ್ದಕ್ಕೆ ಧನ್ಯವಾದ, ನಮ್ಮ ರಾಣಿ!" ಜೊತೆಗೆ ಮೂರು ಹಾರ್ಟು. ಆಮೇಲೆ ಯಾರೋ ಓದಿ ನೋಡಿರಬೇಕು, ಅಳಿಸಿದರು. ಅಷ್ಟರಲ್ಲಿ ತಮ್ಮ ವಿದೇಶಿ ಅಭಿಮಾನಿಗಳು ನನ್ನ ಮೇಲೆ ಮುಗಿಬಿದ್ದಿದ್ದರು. ಬೇರೆ ಆಸ್ಪತ್ರೆಯವರು ದುಡ್ಡು ಕೊಟ್ಟು ಬರೆಸಿದ್ದು ಎಂದರು ಒಬ್ಬರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಇನ್ನೊಬ್ಬರು. ಈ ಮಾತನ್ನು, ನನಗೆ! ಆ ವಿಡಿಯೋದ ಕೆಳಗೇ! ಕೊನೆಗೆ ನಾನು ನಾನಲ್ಲ, ದೊನ್ಯಾ ಎದಿಲ್ಮಾ ಹೆಸರಿನಲ್ಲಿ ಮೋಸ ಮಾಡುತ್ತಿರುವ ನಕಲಿ ಖಾತೆ ಎಂದು ತೀರ್ಮಾನಿಸಿ ನನ್ನನ್ನು ಹೊರಗಟ್ಟಲಾಯಿತು.

5. ಈ ನಡುವೆ ಸದರಿ ಮಂಡಿ ಕೈಕೊಟ್ಟಿತು. ಡಿಸೆಂಬರ್ ಜಾತ್ರೆಯ ಕುಣಿತದವರಿಗೆ ಉಡುಪು ಹೊಲಿಯುತ್ತಿದ್ದೆ. ಮೆಷಿನ್ನಿನ ಪೆಡಲು ತುಳಿಯುತ್ತಿದ್ದಂತೆ ಒಳಗೆ ಏನೋ ಕಟಕ್ಕೆಂದು, ಕಾಲು ಮಡಚಿದ್ದು ಮಡಚಿದ ಹಾಗೇ ನಿಂತಿತು. ಅಂದಿನಿಂದ ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಿದ್ದೇನೆ. ಸವೆದುಹೋಗಿದೆ, ಬದಲಿಸಲೇಬೇಕು ಎಂದು ಬಡಾವಣೆಯ ವೈದ್ಯೆ ಎಕ್ಸ್-ರೇ ನೋಡಿ ಬರೆದುಕೊಟ್ಟರು. ಅದನ್ನು ಹಿಡಿದು ಆರೋಗ್ಯ ವಿಮೆಯ ಕಚೇರಿಗೆ ಹೋದರೆ, ಕೌಂಟರಿನ ಹುಡುಗಿ ಯುರಾನಿ ನನ್ನ ಮುಖ ನೋಡಿ ಎದ್ದೇ ನಿಂತಳು.

"ಅಯ್ಯೋ, ನೀವೇ ಅಲ್ವಾ! ನಮ್ಮಮ್ಮ ದಿನಾ ನೋಡ್ತಾರೆ ನಿಮ್ಮ ವಿಡಿಯೋ!"

"ಸಂತೋಷ ಮಗಳೇ. ಈಗ ಈ ಮಂಡಿಗೆ ಒಂದು ಮಂಜೂರಾತಿ ಕೊಡು."

"ನಿಮ್ಗಾಗಲೇ ಆಗಿದ್ಯಲ್ಲ ದೊನ್ಯಾ. ಇದೇ ಕಾಲಿಗೆ."

"ಆಗಿಲ್ಲ. ಎಕ್ಸ್-ರೇ ನೋಡು."

ಅವಳು ಎಕ್ಸ್-ರೇ ಎತ್ತಿ ಬೆಳಕಿಗೆ ಹಿಡಿದಳು. ಮಂಡಿ ಹಳೆಯದೇ ಇತ್ತು. "ಇದು ಬೇರೆ ಯಾರದ್ದೋ ಇರ್ಬೇಕು" ಎಂದಳು. ಗದರಲು ಬಾಯಿ ತೆರೆದೆ. ಪಾಪ, ಹುಡುಗಿ ಅಷ್ಟು ಪ್ರೀತಿಯಿಂದ ಹೇಳಿದಳು, ಬಾಯಿ ಮುಚ್ಚಿದೆ. ಕಡೆಗೆ ಅವರ ತಪಾಸಣಾ ವೈದ್ಯರ ಮುಂದೆ ಖುದ್ದು ಹಾಜರಾಗುವಂತೆ ಚೀಟಿ ಕೊಟ್ಟಳು.

6. ತಪಾಸಣೆಯ ದಿನ ನಡೆದದ್ದನ್ನು ಮುಚ್ಚಿಡದೆ ನಿವೇದಿಸುತ್ತೇನೆ. ದೊನ್ ಉಲ್ಪಿಯಾನೋ ನನ್ನ ರಟ್ಟೆ ಹಿಡಿದು ಕರೆದುಕೊಂಡು ಹೋಗಿದ್ದರು. ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತೆವು. ಕಾವಲುಗಾರನ ರೇಡಿಯೋದಲ್ಲಿ ಸುದ್ದಿ ಮುಗಿದು ಸಾಲ್ಸಾ ಹಾಡು ಶುರುವಾಯಿತು. ಅದೂ ನಾವಿಬ್ಬರೂ ಮೊದಲ ಸಲ ಜೊತೆಯಾಗಿ ಕುಣಿದ ಹಾಡು. ದೊನ್ ಉಲ್ಪಿಯಾನೋ ಯೋಚನೆಯೇ ಇಲ್ಲದೆ ಎದ್ದು ಕೈ ಚಾಚಿದರು. ಹಾಡು ನಡೆಯುತ್ತಿರುವಾಗ ಚಾಚಿದ ಕೈಯನ್ನು ಬೇಡವೆನ್ನುವುದು ನಮ್ಮ ಕಡೆ ಮುಖಕ್ಕೆ ಬಾಗಿಲು ಹಾಕಿದಂತೆ. ನಾನೂ ಯೋಚಿಸಲಿಲ್ಲ. ಎದ್ದೆ. ಎರಡೇ ಸುತ್ತು. ಎರಡನೆಯ ಸುತ್ತಿನಲ್ಲಿ ವೈದ್ಯರ ಬಾಗಿಲು ತೆರೆಯಿತು.

ವೈದ್ಯರು ಬಾಗಿಲಲ್ಲೇ ನಿಂತು ನೋಡಿ, ಒಳಗೆ ಕರೆಯದೆ, "ಚಲನೆ ತೃಪ್ತಿಕರ" ಎಂದು ಬರೆದುಕೊಟ್ಟರು. ಬರೆದದ್ದು ತಪ್ಪೆಂದು ನಾನು ಹೇಳಲಾರೆ. ಹಾಡಿರುವ ತನಕ ತೃಪ್ತಿಕರವಾಗಿಯೇ ಇತ್ತು. ಹಾಡು ನಿಂತ ಮೇಲೆ ನನ್ನನ್ನು ಇಬ್ಬರು ಹೊತ್ತುಕೊಂಡು ಟ್ಯಾಕ್ಸಿಗೆ ಹಾಕಿದರು. ನೋವಿಗೆ ನಾನು ಕೂಗಿಕೊಂಡದ್ದು ರಸ್ತೆಯ ಆಚೆಗೂ ಕೇಳಿಸಿತಂತೆ. ದೊನ್ ಉಲ್ಪಿಯಾನೋ ಕಣ್ಣೀರು ಹಾಕುತ್ತಾ, "ನನ್ನ ಈ ದರಿದ್ರ ಕೈಯನ್ನ ಕತ್ತರಿಸಿ ಹಾಕ್ಬೇಕು ಕಣೇ" ಎಂದರು.

"ಸುಮ್ನಿರಯ್ಯ. ಅದಕ್ಕೂ ಇವ್ರ ಮಂಜೂರಾತಿ ಬೇಕು" ಎಂದೆ.

ಮಾರನೆಯ ದಿನ ಯುರಾನಿಯೇ ಪಾಪ ಫೋನು ಮಾಡಿ ಒಂದು ದಾರಿ ಹೇಳಿದಳು: "ದೊನ್ಯಾ, ಮೊದಲ್ನೇ ಆಪರೇಷನ್ ಸೋತಿದೆ ಅಂತ ಆ ಆಸ್ಪತ್ರೆಯವ್ರು ಬರ್ಕೊಟ್ರೆ, ರಿಪೇರಿ ಅಂತ ಮಂಜೂರು ಮಾಡ್ಬಹುದು. ಇಲ್ಲಾ, ಆಗೇ ಇಲ್ಲ ಅಂತ ಬರ್ಕೊಡ್ಲಿ. ಎರಡ್ರಲ್ಲಿ ಒಂದು."

7. ಆ ಪ್ರಯುಕ್ತ ತಮ್ಮ ಆಸ್ಪತ್ರೆಗೆ ಬಂದೆ. ಮುಂಬಾಗಿಲಲ್ಲಿ ವಿದೇಶಿ ರೋಗಿಗಳ ತಂಡವೊಂದು ಸ್ವಾಗತದ ಹಾರ ಹಾಕಿಸಿಕೊಳ್ಳುತ್ತಿತ್ತು. ನಾನು ಕೋಲೂರಿ ಕುಂಟುತ್ತಾ ಬರುವುದನ್ನು ಕಂಡ ಶ್ರೀ ಯೇಸನ್ ಓಡಿಬಂದು, ನನ್ನ ಹೆಗಲ ಮೇಲೆ ಕೈಹಾಕಿ, ಮಗನಂತೆ ಮಾತನಾಡಿಸುತ್ತಾ, ಹಿಂದಿನ ಗೇಟಿನಿಂದ ಬಟ್ಟೆ ಒಗೆಯುವ ಕೋಣೆಗೆ ಕರೆದೊಯ್ದರು. ಅಲ್ಲಿ ಹಾಸಿಗೆ ಬಟ್ಟೆಗಳ ರಾಶಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ಕಾಫಿ ಚೆನ್ನಾಗಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

"ಸೋತಿದೆ ಅಂತ ಹೇಗೆ ಬರ್ಕೊಡ್ಲಿ ದೊನ್ಯಾ? ನಮ್ಮಲ್ಲಿ ಒಂದೂ ಸೋತಿಲ್ಲ, ಪುಟದಲ್ಲಿ ನೋಡಿ ಬೇಕಾದ್ರೆ."

"ಹಾಗಾದ್ರೆ ಮಾಡೇ ಇಲ್ಲ ಅಂತ ಬರ್ಕೊಡಪ್ಪ. ಅದು ನಿಜಾನೂ ಹೌದು."

"ಅದು ಇನ್ನೂ ಕಷ್ಟ. ಜನ ನಂಬ್ಕೊಂಡಿದಾರೆ."

"ಯಾರನ್ನ ನಂಬ್ಕೊಂಡಿದಾರೆ?"

"ನಿಮ್ಮನ್ನೇ ದೊನ್ಯಾ! ನಮ್ಮನ್ನ ಯಾರು ನಂಬ್ತಾರೆ?" ಎಂದರು. ಹುಡುಗ ಸುಳ್ಳು ಹೇಳಲಿಲ್ಲ. ಆಮೇಲೆ ಸ್ವಲ್ಪ ಯೋಚಿಸಿ, "ಕೂತ್ಕೊಂಡು ಕುಣಿಯೋಕಾಗತ್ತಾ? ಸೊಂಟದ ಆಪರೇಷನ್ನಿಗೂ ಒಂದು ವಿಡಿಯೋ ಬೇಕಿತ್ತು" ಎಂದರು. ಕಾಫಿ ಲೋಟ ಅವರ ಕಡೆಗೆ ಎಸೆದದ್ದು ನಿಜ. ತಗಲಲಿಲ್ಲ.

8. ಇಷ್ಟಾದರೂ ನಾನು ಅರ್ಜಿ ಬರೆಯುತ್ತಿರಲಿಲ್ಲ. ಅತ್ತ ದರಿ ಇತ್ತ ಪುಲಿ ಎಂದುಕೊಂಡು ಮೂಲೆಯಲ್ಲಿ ಕೂತು ಚಮಕಿ ಹಚ್ಚುತ್ತಿದ್ದೆ. ಬರೆಯುವಂತೆ ಮಾಡಿದವರು ಸ್ವಿಂದಾ ಮಾರ್ತಿನಾ.

ಅವರು ಮೊನ್ನೆ ಮತ್ತೆ ಬಂದಿದ್ದರು. ಶಸ್ತ್ರಚಿಕಿತ್ಸೆ ಮುಗಿದು ಆರನೇ ವಾರ ದಾಟಿದೆ. ಡಾಕ್ಟರ್ ಗಾಂಬೋವಾ ಕೆಲಸ ಅಚ್ಚುಕಟ್ಟಾಗಿ ಮಾಡಿದ್ದಾರೆ, ಅದರಲ್ಲಿ ದೂರಿಲ್ಲ. ಕೋಲು ಹಿಡಿದು ನನ್ನ ಮೆಟ್ಟಿಲು ಹತ್ತಿ ಬಂದರು, ನಾನು ಹತ್ತಲಾರದ ಮೆಟ್ಟಿಲು. ಆದರೆ ಕುಣಿಯಲು ಆಗುತ್ತಿಲ್ಲ. ಆರನೇ ವಾರಕ್ಕೆ ಕುಣಿಯಬೇಕಿತ್ತಲ್ಲ? ನಿಧಾನ ನಿಧಾನ ಎಂದು ವ್ಯಾಯಾಮ ಹೇಳಿಕೊಡುವಾಕೆ ಬಡಿದುಕೊಂಡರೂ ಕೇಳದೆ, ವಿಡಿಯೋ ಹಚ್ಚಿಟ್ಟುಕೊಂಡು ನನ್ನ ಹೆಜ್ಜೆಯನ್ನೇ ಹಾಕಿ ಹಾಕಿ ಮಂಡಿ ಕುಂಬಳಕಾಯಿಯಾಗಿದೆ. ತಂಗಿ ಕಾದು ಕಾದು ಊರಿಗೆ ಹೋದಳು. ಇವರು ಮಾತ್ರ ಪ್ರಯಾಣ ಎರಡು ಸಲ ಮುಂದೂಡಿ, ಎರಡು ಬೀದಿ ಆಚೆಯ ಶುಶ್ರೂಷೆಯ ಮನೆಯಲ್ಲಿ ಒಂಟಿಯಾಗಿ ಉಳಿದಿದ್ದಾರೆ.

"ತಪ್ಪು ನಂದೇ ದೊನ್ಯಾ. ನಂಗೆ ನಿಮ್ಮಷ್ಟು ಶ್ರದ್ಧೆ ಇಲ್ಲ. ಅದೇ ಆಸ್ಪತ್ರೆ, ಅದೇ ಮಂಡಿ... ನನ್ನ ಮೈಯೇ ಸರಿಯಿಲ್ಲ."

ಹೆಂಗಸು ಅಳುತ್ತಿದ್ದಳು ಮಾನ್ಯರೇ. ಜೀವಮಾನವಿಡೀ ಮಕ್ಕಳಿಗೆ ಲೆಕ್ಕ ಕಲಿಸಿದವಳು, ಸರಿಯಾಗಿಯೇ ವಾಸಿಯಾಗುತ್ತಿರುವ ಕಾಲನ್ನು ಹಿಡಿದು ಬೈಯುತ್ತಾ ಅಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಲಂಗ ಎತ್ತಿದೆ. ನನ್ನ ಮಂಡಿ, ಅವರ ಮಂಡಿ, ಎರಡನ್ನೂ ಪಕ್ಕಪಕ್ಕ ಇಟ್ಟೆ.

"ನೋಡಿ. ಈ ಗಾಯ ನೋಡಿ, ಉದ್ದಕ್ಕೆ. ಇದು ಆಪರೇಷನ್ ಆದ ಮಂಡಿ. ಇದು ನಂದು, ಆಗದೇ ಇರೋದು. ನಾನು ಕುಣಿದಾಗ ನಂಗೇನೂ ಆಗಿರ್ಲಿಲ್ಲಮ್ಮ. ಈಗ ನಂಗೆ ನಡಿಯೋಕೂ ಆಗಲ್ಲ. ನಿಮ್ದು ಚೆನ್ನಾಗಾಗ್ತಿದೆ, ಅದ್ರ ಪಾಡಿಗೆ ಅದನ್ನ ಬಿಡಿ."

ಅವರು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕೆನ್ನೆಗೆ ಮುತ್ತು ಕೊಟ್ಟು ಹೇಳಿದರು:

"ನಂಗೆ ಬೇಜಾರಾಗ್ಬಾರ್ದು ಅಂತ ಎಷ್ಟು ದೊಡ್ಡ ಸುಳ್ಳು ಹೇಳ್ತಿದೀರಿ ದೊನ್ಯಾ. ವಿಡಿಯೋದಲ್ಲಿ ಇದ್ದ ಹಾಗೇ ಇದೀರಿ, ಒಳ್ಳೆಯವ್ರು."

ಹೇಳಿ, ಎದ್ದು ನಿಂತು, ಗೋಡೆ ಹಿಡಿದು ನನ್ನ ಹೆಜ್ಜೆಯನ್ನು ಮತ್ತೊಮ್ಮೆ ಹಾಕಲು ಹೋದರು. ಆಗಲಿಲ್ಲ. ನಾನು ಹಿಡಿದುಕೊಳ್ಳಲು ಹೋದೆ, ನನಗೂ ಏಳಲಾಗಲಿಲ್ಲ. ಇಬ್ಬರೂ ಚಮಕಿ ಬಟ್ಟೆಯ ಮೇಲೆ ಬಿದ್ದೆವು. ದೊನ್ ಉಲ್ಪಿಯಾನೋ ಬಂದು ಎತ್ತುವವರೆಗೆ ಅಲ್ಲೇ ಕೂತಿದ್ದೆವು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಕಳಕಳಿಯಿಂದ ಕೋರುವುದೇನೆಂದರೆ: ನನಗೆ ಪರಿಹಾರ ಬೇಡ, ಕ್ಷಮಾಪಣೆ ಬೇಡ, ಸಮಾಧಾನಕ್ಕೆಂದು ಕೊಡುವುದಾಗಿ ತಾವು ಹೇಳಿಕಳಿಸಿದ, ಆಸ್ಪತ್ರೆಯ ಹೆಸರಿರುವ ಕಾಫಿ ಲೋಟವೂ ಬೇಡ. ವಿಡಿಯೋ ತೆಗೆಯುವುದೂ ಬೇಡ. ಚೆನ್ನಾಗಿ ಕುಣಿದಿದ್ದೇನೆ, ಇರಲಿ. ಅದರ ಕೆಳಗೆ ಒಂದೇ ಸಾಲು ಬರೆಯಿರಿ: "ಈ ಹೆಂಗಸಿಗೆ ನಮ್ಮ ಆಸ್ಪತ್ರೆ ಏನನ್ನೂ ಮಾಡಿಲ್ಲ." ಯುರಾನಿಗೆ ಅಷ್ಟು ಸಾಕು, ನನ್ನ ಮಂಡಿಗೆ ಮಂಜೂರಾತಿ ಸಿಗುತ್ತದೆ. ಆಮೇಲೆ ಆ ನಗದ ಡಾಕ್ಟರ್ ಗಾಂಬೋವಾ ಅವರ ಕೈಯಲ್ಲೇ ಮಾಡಿಸಿಕೊಳ್ಳುತ್ತೇನೆ. ಚಿತ್ರ ತೆಗೆಯಲು ಯಾರನ್ನೂ ಒಳಗೆ ಬಿಡಬಾರದು.

ಇಂತಿ, ವಿಶ್ವಾಸ ಇನ್ನೂ ಪೂರ್ತಿ ಸವೆದಿರದ
ತಮ್ಮ ವಿಶ್ವಾಸಿ,
ಎದಿಲ್ಮಾ ಲುಕುಮಿ
(ಅಸಲಿ)

ಲಗತ್ತುಗಳು:
1. ಸದರಿ ಮಂಡಿಯ ಎಕ್ಸ್-ರೇ. ಬೇರೆ ಯಾರದ್ದೂ ಅಲ್ಲ.
2. 'ಚಲನೆ ತೃಪ್ತಿಕರ' ಎಂಬ ವರದಿ, ಹಾಗೂ ಅದೇ ದಿನ ನನ್ನನ್ನು ಹೊತ್ತ ಟ್ಯಾಕ್ಸಿ ಚಾಲಕನ ಸಾಕ್ಷಿ ಸಹಿ.
3. ದೊನ್ ಉಲ್ಪಿಯಾನೋ ಅವರ ಪ್ರತ್ಯೇಕ ಪತ್ರ. ಬೈಗುಳಗಳಿರುವ ಕಾರಣ ತಾವು ಒಬ್ಬರೇ ಇದ್ದಾಗ ಓದತಕ್ಕದ್ದು.

ವಿ.ಸೂ.: ಶ್ರೀಮತಿ ಸ್ವಿಂದಾ ಮಾರ್ತಿನಾ ಅವರ ವಿಮಾನ ಶನಿವಾರ. ಪ್ರತಿದಿನ ಬೆಳಗ್ಗೆ ತಿಂಡಿಗೆ ಮೊದಲು ಅವರು ತಮ್ಮ ಪುಟ ನೋಡುತ್ತಾರೆ. ನಾನು ಲಂಗ ಎತ್ತಿ ತೋರಿಸಿದರೂ ನಂಬದವರು, ತಾವು ಬರೆದರೆ ನಂಬುತ್ತಾರೆ. ಆದಕಾರಣ ಶುಕ್ರವಾರದೊಳಗೆ, ಒಂದೇ ಒಂದು ಸಲ, ನಿಜ ಹೇಳಬೇಕಾಗಿ ವಿನಂತಿ.